ಬಡಿತ ಯಾರದು

ಹೆತ್ತವರು ಇಟ್ಟ ಹೆಸರೊಂದು ಅವನಿಗೆ ಇತ್ತು. ಅದು ಶೆಡ್ಡಿನ ವಿದ್ಯುತ್ ಬಿಲ್ಲಿನ ಮೇಲೆ ಬರುತ್ತಿತ್ತೇ ವಿನಾ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಬೀದಿಗೆಲ್ಲ ಅವನು ಕಿವಿಯಣ್ಣ. ಕಿವಿಗಳೇನೂ ಮೊರದಗಲ ಇರಲಿಲ್ಲ. ತಲೆಗೆ ತಕ್ಕಷ್ಟೇ ಇದ್ದ, ಅಂಚಿನಲ್ಲಿ ನಾಲ್ಕು ನರೆಗೂದಲು ಇಣುಕುವ ಸಾಧಾರಣ ಕಿವಿಗಳು. ಆದರೆ ಅವು ಕೇಳುತ್ತಿದ್ದುದು ಸಾಧಾರಣವಾಗಿರಲಿಲ್ಲ. ಬೀದಿಯ ತಿರುವಿನಲ್ಲಿ ಕಾರೊಂದು ಬರುತ್ತಿರುವಾಗಲೇ ಕಿವಿಯಣ್ಣ ಕೆಲಸದಿಂದ ತಲೆ ಎತ್ತದೆ, "ಮೂರನೇ ಸಿಲಿಂಡರು ಅರೆಹೊಟ್ಟೆಯಲ್ಲಿದೆ" ಎಂದುಬಿಡುತ್ತಿದ್ದ. ಎಂಜಿನ್ ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು.

"ಎಲ್ಲ ಕೇಳುತ್ತೆ ನಮ್ಮ ತಮ್ಮನಿಗೆ. ಊಟಕ್ಕೆ ಬಾರೋ ಅಂತ ನಾನು ಕೂಗೋದೊಂದು ಬಿಟ್ಟು," ಎಂದು ಅವನ ಅಕ್ಕ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಅಕ್ಕ ದರ್ಜಿ. ಕಿವಿಯಣ್ಣನ ಹೆಂಡತಿ ತೀರಿಕೊಂಡಾಗ, ಚಿಕ್ಕ ಮಗುವನ್ನು ನೋಡಿಕೊಳ್ಳಲೆಂದು ಒಂದು ವಾರದ ಮಟ್ಟಿಗೆ ಬಂದವಳು. ಬರುವಾಗ ಹೊಲಿಗೆ ಯಂತ್ರವನ್ನೂ ಹೊತ್ತು ತಂದಿದ್ದಳು. ಆಗಲೇ ಎಲ್ಲರಿಗೂ ಅರ್ಥವಾಗಬೇಕಿತ್ತು. ಆ ವಾರ ಇನ್ನೂ ಮುಗಿದಿಲ್ಲ. ಕೆಳಗೆ ಶೆಡ್ಡು, ಮೇಲೆ ಎರಡು ಕೋಣೆಯ ಮನೆ. ಕೆಳಗೆ ಎಂಜಿನ್ನು ಗುಡುಗಿದರೆ ಮೇಲೆ ಹೊಲಿಗೆ ಯಂತ್ರ ಟಕಟಕ ಎನ್ನುತ್ತಿತ್ತು. ಈ ಎರಡು ಸದ್ದುಗಳ ನಡುವೆ ಮಗಳು ಬೆಳೆದು ದೊಡ್ಡವಳಾದಳು. ಈಗ ಅವಳು ಡ್ರೈವಿಂಗ್ ಶಾಲೆಯಲ್ಲಿ ಜನರಿಗೆ ಕಾರು ಕಲಿಸುತ್ತಾಳೆ. ವಾರವೆಲ್ಲ ಹೆದರುವವರ ಪಕ್ಕದಲ್ಲಿ ಕೂತು "ನಿಧಾನ, ನಿಧಾನ" ಎಂದು ಹೇಳಿ ಹೇಳಿ ಬೇಸತ್ತವಳಿಗೆ ಭಾನುವಾರ ಬಂತೆಂದರೆ ಜೋರಾಗಿ ಓಡಿಸುವ ಹಂಬಲ. ರಸ್ತೆ ಮುಚ್ಚಿ ನಡೆಸುವ ಬೆಟ್ಟದೋಟಗಳಿಗೆ ಹೋಗುತ್ತಾಳೆ. ಒಬ್ಬೊಬ್ಬರೇ ಬುಡದಿಂದ ತುದಿಗೆ ಏರಬೇಕು, ಬೇಗ ಏರಿದವರು ಗೆದ್ದರು.

ಕಿವಿಯಣ್ಣ ಕೇಳುವುದನ್ನು ಕಲಿತದ್ದು ಹರೆಯದಲ್ಲಿ, ಬಸ್ಸಿನ ಡಿಪೊದಲ್ಲಿ. ಅಲ್ಲಿನ ಹಿರಿಯ ಮೇಸ್ತ್ರಿ ಒಂದು ಉಕ್ಕಿನ ಕಡ್ಡಿಯನ್ನು ಇಟ್ಟುಕೊಂಡಿದ್ದ. ಅದರ ಒಂದು ತುದಿಗೆ ಮರದ ಗುಂಡು. ಚೂಪಾದ ತುದಿಯನ್ನು ಎಂಜಿನ್ನಿಗೆ ಒತ್ತಿ, ಗುಂಡನ್ನು ಕಿವಿಗೆ ಒತ್ತಿದರೆ ಒಳಗಿನ ಗುಟ್ಟೆಲ್ಲ ಕೇಳುತ್ತಿತ್ತು. ನಿವೃತ್ತನಾಗುವಾಗ ಮೇಸ್ತ್ರಿ ಆ ಕಡ್ಡಿಯನ್ನು ಇವನ ಕೈಗಿಟ್ಟು ಹೋದ. ಇಂದು ಕಿವಿಯಣ್ಣನ ಬಳಿ ಲ್ಯಾಪ್‌ಟಾಪ್ ಇದೆ, ಎಂಜಿನ್ನಿಗೆ ಬೋಲ್ಟು ಮಾಡಿದ ಮೈಕಿನಿಂದ ಸದ್ದು ತರುವ ಹೆಡ್‌ಫೋನ್ ಇದೆ, ಕಾರು ನಿಂತಲ್ಲೇ ಓಡುವ ದಪ್ಪ ಉರುಳೆಗಳಿವೆ. ಆದರೂ ಕಡ್ಡಿ ಗೋಡೆಯ ಮೊಳೆಗೆ ತೂಗುತ್ತಲೇ ಇರುತ್ತದೆ, ಮನೆಯ ಹಿರಿಯರ ಪಟದಂತೆ.

ಅವನ ಕಸುಬು, ಎಂಜಿನ್ನಿನ ಕಂಪ್ಯೂಟರಿಗೆ ಬುದ್ಧಿ ಹೇಳುವುದು. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಯಾವ ಗಳಿಗೆಯಲ್ಲಿ ಕಿಡಿ, ಇದನ್ನೆಲ್ಲ ಕಂಪ್ಯೂಟರೇ ನಿರ್ಧರಿಸುತ್ತದೆ. ಲೆಕ್ಕ ತಪ್ಪಿ ಪೆಟ್ರೋಲು ಕಡಿಮೆಯಾದರೆ, ಇಲ್ಲವೇ ಕಿಡಿ ಬೇಗ ಬಿದ್ದರೆ, ಒಳಗಿನ ಅನಿಲ ತನ್ನಷ್ಟಕ್ಕೆ ಸಿಡಿದು ಪಿಸ್ಟನ್ನಿಗೆ ಸುತ್ತಿಗೆಯಂತೆ ಬಡಿಯುತ್ತದೆ. ಅದಕ್ಕೆ ಕಸುಬಿನವರ ಮಾತಿನಲ್ಲಿ ಬಡಿತ ಎಂದು ಹೆಸರು. ಕೇಳಿದೊಡನೆ ಕಾಲು ತೆಗೆಯದಿದ್ದರೆ ಎಂಜಿನ್ ಒಡೆಯುತ್ತದೆ; ಜೋರಿನಲ್ಲಿದ್ದಾಗ ಒಡೆದರೆ ಚಕ್ರವೂ ಬಿಗಿಯುತ್ತದೆ. ಕಿವಿಯಣ್ಣ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದ: "ಸರಿಯಾಗಿ ಬಡಿಸಿದರೆ ಬಡಿಯೋದಿಲ್ಲ." ಬಡಿಸು, ಬಡಿ ಎಂಬ ಎರಡು ಕ್ರಿಯಾಪದಗಳಿಗೆ ವ್ಯಾಕರಣದಲ್ಲಿ ಯಾವ ನಂಟಿದೆಯೋ ಪಂಡಿತರು ಹೇಳಬೇಕು. ಆ ಶೆಡ್ಡಿನಲ್ಲಂತೂ ಅವು ಅಕ್ಕತಂಗಿಯರು.

ಮಗಳು ಆ ಕಾರನ್ನು ತಂದದ್ದು ಒಂದು ಮಧ್ಯಾಹ್ನ. ಬೂದಿ ಬಣ್ಣದ ಹಳೆಯ ಕಾರು. ಹಿಂದಿನ ಯಜಮಾನ ಅದಕ್ಕೆ ದೊಡ್ಡ ಟರ್ಬೊ ಕೂರಿಸಿದ್ದ. ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು. ಕೆಲಸ ಅರ್ಧಕ್ಕೇ ಬಿಟ್ಟು ಮಾರಿಬಿಟ್ಟಿದ್ದ. ಏಕೆ ಮಾರಿದ ಎಂದು ಅವನು ಹೇಳಲಿಲ್ಲ, ಮಗಳು ಕೇಳಲಿಲ್ಲ. ಕಾರು ಒಳಗೆ ಬಂದು ನಿಂತ ಮೇಲೆ, ಯಾಕೋ ಏನೋ, ಮೇಲಿನ ಹೊಲಿಗೆ ಯಂತ್ರ ನಿಂತಿತು. ಅಕ್ಕ ಮೆಟ್ಟಿಲ ಮೇಲೆ ಬಂದು ನಿಂತು ನೋಡಿದಳು.

"ಇದೇನೇ, ಸತ್ತ ಮೀನಿನ ಕಣ್ಣಿನ ಹಾಗೆ ದೀಪಗಳು."

"ಒರೆಸಿದ್ರೆ ಹೊಳೆಯುತ್ತೆ ಬಿಡು ಅತ್ತೆ."

"ಸತ್ತ ಮೀನೂ ಹೊಳೆಯುತ್ತೆ," ಎಂದು ಅಕ್ಕ ಮೇಲೆ ಹೋದಳು.

ಕಾರಿನ ವೈರಿಂಗ್ ನೋಡಲು ತಂತಿ ಬಂದ. ಅವನು ಕಿವಿಯಣ್ಣನ ಹಳೆಯ ಜೊತೆಗಾರ. ಕೆಲಸವೂ ತಂತಿಯದು, ಮೈಯೂ ತಂತಿಯದೇ. ಅವನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ನೋಡಿ, ಹೊರಗೆ ಬಂದು ಕೈ ಒರೆಸಿಕೊಂಡ.

"ಕಂಪನಿ ಕೊಟ್ಟ ಕಂಪ್ಯೂಟರೇ ಇದೆ. ಇಷ್ಟು ದೊಡ್ಡ ಟರ್ಬೊ ಅದು ಹುಟ್ಟಿದಾಗಿಂದ ಕಂಡಿಲ್ಲ ಅಣ್ಣ. ಗಾಳಿ ಜಾಸ್ತಿ ಬಂದ ಕೂಡಲೇ ಹೆದರಿಕೊಂಡು ಎಂಜಿನ್ನಿನ ಕತ್ತು ಹಿಸುಕುತ್ತೆ."

"ಹಂಗಾದ್ರೆ?" ಎಂದಳು ಮಗಳು.

"ಹಂಗಾದ್ರೆ ಮೂರು ದಾರಿ. ಇದನ್ನೇ ಇಟ್ಟುಕೊಂಡು ಇದರ ಒಳಗಿನ ಪಾಠ ತಿದ್ದಬಹುದು. ತಿದ್ದಿದ್ರೂ ಮುದುಕ ಮುದುಕನೇ, ಒಂದು ಮಟ್ಟಕ್ಕಿಂತ ಮೇಲೆ ಬರಲ್ಲ. ಇಲ್ಲಾ, ನಡುವೆ ಒಂದು ಪೆಟ್ಟಿಗೆ ಕೂರಿಸಬಹುದು. ಇಷ್ಟು ಗಾಳಿ ಬಂತು ಅಂತ ಸೆನ್ಸರ್ ಹೇಳಿದ್ರೆ, ಪೆಟ್ಟಿಗೆ ಅದನ್ನ ಕಡಿಮೆ ಮಾಡಿ ಕಂಪ್ಯೂಟರಿಗೆ ಹೇಳುತ್ತೆ."

"ಅತ್ತೆ ನೆಂಟರ ಹತ್ರ ನನ್ನ ವಯಸ್ಸು ಹೇಳೋ ಹಾಗೆ."

"ಹಾಗೇ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಒಂದು ದಿನ ಹಾವೇ ಕಚ್ಚುತ್ತೆ, ಅದು ಬೇರೆ ಮಾತು. ಮೂರನೇದು, ಇದನ್ನ ಪೂರ್ತಿ ಕಿತ್ತು ಹೊಸ ಕಂಪ್ಯೂಟರು ಹಾಕೋದು. ಅದಕ್ಕೆ ಹೆದರಿಕೆ ಅನ್ನೋದೇ ಇಲ್ಲ. ನಾವು ಹೇಳಿದಷ್ಟೇ, ಹೇಳಿದ ಹಾಗೇ. ನನ್ನ ಹತ್ರ ಒಂದು ಇಟ್ಟಿದೀನಿ."

"ಬಡಿತ ಬಂದ್ರೆ ಅದು ಕೇಳಿಸಿಕೊಳ್ಳುತ್ತಾ?"

"ಹಳೇದು ಹುಟ್ಟುತ್ತಲೇ ಕಲಿತು ಬಂದಿರುತ್ತೆ, ಬಡಿತ ಕೇಳಿದ್ರೆ ತಾನೇ ಕಿಡಿ ಹಿಂದಕ್ಕೆ ತೆಗೆದುಕೊಳ್ಳುತ್ತೆ. ಹೊಸದು ಹಸುಗೂಸು. ಯಾವುದು ಬಡಿತ, ಯಾವುದು ಬರೀ ಗಲಾಟೆ ಅಂತ ಯಾರಾದ್ರೂ ಕೂತು ಕಲಿಸಬೇಕು. ಅಣ್ಣನ ಕಿವಿ ಇದೆಯಲ್ಲ, ಇನ್ನೇನು ಚಿಂತೆ?"

ಮಗಳು ಅಪ್ಪನ ಕಡೆ ತಿರುಗಿ, "ಹೊಸದೇ ಆಗಲಿ," ಎಂದಳು. ಬೇರೆ ಯಾರ ಮಾತನ್ನೂ ಅವಳು ಕೇಳಬೇಕಾಗಿರಲಿಲ್ಲ. ಈ ಪ್ರಪಂಚದಲ್ಲಿ ಅವಳಿಗೆ ಸಂಶಯವೇ ಇಲ್ಲದ ವಸ್ತುವೆಂದರೆ ಅಪ್ಪನ ಕಿವಿ.

"ಮೊದಲು ಇದ್ದ ಹಾಗೇ ಕೇಳೋಣ," ಎಂದ ಕಿವಿಯಣ್ಣ.

ಕಾರನ್ನು ಉರುಳೆಗಳ ಮೇಲೆ ಹತ್ತಿಸಿ, ಪಟ್ಟಿಗಳಿಂದ ಬಿಗಿದು, ಹೊಗೆಯ ಕೊಳವೆಯನ್ನು ಕಿಟಕಿಯಿಂದ ಆಚೆ ಹಾಕಿದರು. ಅದರ ಸೀಟು ತೀರ ತಗ್ಗು. ಲ್ಯಾಪ್‌ಟಾಪನ್ನು ಎಡಗಡೆಯ ಸೀಟಿನ ಮೇಲಿಟ್ಟು, ಕತ್ತು ತಿರುಗಿಸಿ ಬಗ್ಗಿ ನೋಡಬೇಕಿತ್ತು. ಕಿವಿಯಣ್ಣ ಹೆಡ್‌ಫೋನ್ ಏರಿಸಿ ಕಾಲಿನಿಂದ ಆಕ್ಸಿಲರೇಟರು ಒತ್ತಿದ. ಉರುಳೆಗಳು ಮೊರೆದವು, ತಗಡಿನ ಮಾಡು ನಡುಗಿತು. ಆ ಮೊರೆತದ ಅಡಿಯಲ್ಲಿ, ಯಾರೋ ದೂರದ ಬಾಗಿಲನ್ನು ತಟ್ಟಿದಂತೆ, ಅವನಿಗೆ ಕೇಳಿತು.

ಟಕ್ ಟಕ್. ಬಿಡುವು. ಟಕ್ ಟಕ್. ಬಿಡುವು.

ಅವನು ಕಾಲು ತೆಗೆದ. ಪರದೆಯ ಮೇಲೆ ಗೆರೆ ಸಮನಾಗಿತ್ತು. ಬಡಿತವೆಂಬುದೇ ಇಲ್ಲ ಎನ್ನುತ್ತಿತ್ತು ಕಂಪ್ಯೂಟರು. ಅವನು ಮತ್ತೆ ಒತ್ತಿದ. ಎಂಜಿನ್ನಿನ ವೇಗ ಎರಡು ಪಟ್ಟಾಯಿತು. ಬಡಿತದ ವೇಗ ಇದ್ದಷ್ಟೇ ಇತ್ತು. ಎಂಜಿನ್ನಿನೊಳಗಿನ ಯಾವ ಸದ್ದೇ ಆಗಲಿ, ಎಂಜಿನ್ ಓಡಿದರೆ ತಾನೂ ಓಡಬೇಕು. ಇಷ್ಟು ವರ್ಷದಲ್ಲಿ ಎಂಜಿನ್ನಿನ ಮಾತು ಕೇಳದ ಸದ್ದನ್ನು ಅವನು ಕೇಳಿರಲಿಲ್ಲ.

"ಏನಪ್ಪಾ?"

"ಏನಿಲ್ಲ. ಮೇಲೆ ನಿಮ್ಮತ್ತೆಯ ಯಂತ್ರ. ಸ್ವಲ್ಪ ಹೊತ್ತು ನಿಲ್ಲಿಸೋಕೆ ಹೇಳು."

ಮಗಳು ಮೆಟ್ಟಿಲ ಬುಡದಿಂದ ಕೂಗಿದಳು. ಅಕ್ಕ ಬಗ್ಗಿ ನೋಡಿದಳು. ಅವಳ ಬಾಯಲ್ಲಿ ಸೂಜಿ ಇತ್ತು, ಅದನ್ನು ತೆಗೆದು ಹೇಳಿದಳು: "ಯಾವ ಯಂತ್ರ? ನಾನು ಆಗಿಂದ ಕೈಯಲ್ಲೇ ಹೊಲೀತಿದೀನಿ. ದಾರ ತುಂಡಾಗಿ ತುಂಡಾಗಿ ಸಾಕಾಯ್ತು."

ಅಂದು ಕಿವಿಯಣ್ಣ ಬೇಗನೆ ಶೆಡ್ಡು ಮುಚ್ಚಿದ.

ಮರುದಿನ ಮಗಳು ಕೆಲಸಕ್ಕೆ ಹೋಗಿದ್ದಳು, ತಂತಿ ಇನ್ನೂ ಬಂದಿರಲಿಲ್ಲ. ಮಟಮಟ ಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಇಲ್ಲ. ಮಾಡಿನಲ್ಲಿದ್ದ ಹಸಿರು ಗಾಜುಪಟ್ಟಿಯಿಂದ ಬೆಳಕು ಇಳಿದು, ಕಾರು ಕೆರೆಯ ತಳದಲ್ಲಿ ಕೂತಂತೆ ಕಾಣುತ್ತಿತ್ತು. ಕಿವಿಯಣ್ಣ ಸೀಟಿನಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಲ್ಯಾಪ್‌ಟಾಪಿನ ಕಡೆ ಬಗ್ಗಿದ. ಕೀಲಿ ಅವನ ಜೇಬಿನಲ್ಲೇ ಇತ್ತು. ಎಂಜಿನ್ ತಣ್ಣಗಿತ್ತು.

ಟಕ್ ಟಕ್. ಬಿಡುವು.

ಅವನು ಅಲ್ಲಾಡಲಿಲ್ಲ. ಕೈ ಮಾತ್ರ ಮೆಲ್ಲನೆ ಹೋಗಿ ಹೆಡ್‌ಫೋನಿನ ತಂತಿಯನ್ನು ಹಿಡಿಯಿತು, ಎಳೆಯಿತು. ತಂತಿಯ ತುದಿ ಕಳಚಿ ಅವನ ತೊಡೆಯ ಮೇಲೆ ಬಿತ್ತು. ಈಗ ಆ ಹೆಡ್‌ಫೋನಿಗೂ ಈ ಲೋಕದ ಯಾವುದಕ್ಕೂ ಸಂಬಂಧವಿರಲಿಲ್ಲ.

ಟಕ್ ಟಕ್. ಬಿಡುವು. ಟಕ್ ಟಕ್. ಮೊದಲಿಗಿಂತ ಅವಸರವಾಗಿ, ಒಳಗಿರುವವರಿಗೆ ಇವನು ಬಂದದ್ದು ಗೊತ್ತಾದ ಹಾಗೆ.

ತಂತಿ ಬಂದಾಗ ಕಿವಿಯಣ್ಣ ಬೀದಿಯಲ್ಲಿ ಬಿಸಿಲಿಗೆ ನಿಂತಿದ್ದ.

"ಯಾಕಣ್ಣ, ಬೂದಿ ಕಾರಿನ ಹಾಗೇ ಬೂದಿ ಬಣ್ಣಕ್ಕೆ ತಿರುಗಿದೀಯ?"

"ಅದರಲ್ಲಿ ಏನೋ ಬಡಿಯುತ್ತೆ ಕಣೋ."

"ಬಡಿಯುತ್ತೆ ಅಂದ್ರೆ? ಎಂಜಿನ್ ಚಾಲೂನೇ ಇಲ್ಲ." ತಂತಿ ನಕ್ಕ. "ಹಳೇ ಯಜಮಾನ ಒಳಗೇ ಉಳಿದುಬಿಟ್ಟಿರಬೇಕು. ಬಾಗಿಲು ತೆಗೀರಪ್ಪಾ ಅಂತ ತಟ್ತಿದಾನೆ."

ಅವನು ತಮಾಷೆಗೆ ಅಂದದ್ದು. ಹೇಳಿ ಮುಗಿಸಿದವನು ತಾನೇ ಒಮ್ಮೆ ಕಾರಿನ ಕಡೆ ನೋಡಿ, ಶೆಡ್ಡಿನ ಎಲ್ಲ ದೀಪಗಳನ್ನೂ ಹಾಕಿದ.

ಕಿವಿಯಣ್ಣ ಮಗಳಿಗೆ ಹೇಳಲಿಲ್ಲ. ಹೇಳಿದರೆ ಏನೆಂದು ಹೇಳುವುದು? ಒಂದೋ ಕಾರಿಗೆ ಏನೋ ಮೆತ್ತಿಕೊಂಡಿದೆ, ಇಲ್ಲವೋ ತನ್ನ ಕಿವಿ ಕೆಟ್ಟಿದೆ. ಮೊದಲನೆಯದನ್ನು ನಂಬುವ ವಯಸ್ಸು ಅವನದಲ್ಲ. ಎರಡನೆಯದನ್ನು ಒಪ್ಪುವ ಧೈರ್ಯ ಅವನಿಗಿರಲಿಲ್ಲ. ಕಿವಿ ಹೋದರೆ ಕಿವಿಯಣ್ಣನಲ್ಲಿ ಉಳಿಯುವುದು ಬರೀ ಅಣ್ಣ. ಹೀಗಾಗಿ ಅವನು, ಬುದ್ಧಿವಂತರು ಮಾಡುವ ತಪ್ಪನ್ನೇ ಮಾಡಿದ: ಆ ಸದ್ದನ್ನು ಲೆಕ್ಕದಿಂದ ಕಳೆಯುವುದನ್ನು ರೂಢಿಸಿಕೊಂಡ. ಎರಡು ಬಡಿತ, ಒಂದು ಬಿಡುವು. ಅದು ತನಗೆ ಸಂಬಂಧಿಸಿದ್ದಲ್ಲ, ಉಳಿದದ್ದನ್ನು ಮಾತ್ರ ಕೇಳಿದರಾಯಿತು. ಗಡಿಯಾರವಿರುವ ಕೋಣೆಯಲ್ಲಿ ಮಲಗುವವನಿಗೆ ಗಡಿಯಾರ ಕೇಳದಂತಾಗುತ್ತದೆಯಲ್ಲ, ಹಾಗೆ.

ಹೊಸ ಕಂಪ್ಯೂಟರು ಬಂತು. ತಂತಿ ಹಳೆಯದನ್ನು ಕಳಚಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟ. ಭಾನುವಾರ ಬೆಟ್ಟದೋಟ. ಶುಕ್ರವಾರ ಮಧ್ಯಾಹ್ನ ಮಗಳು ರಜೆ ಹಾಕಿ ಬಂದು ಚಾಲಕನ ಸೀಟಿನಲ್ಲಿ ಕೂತಳು. ಕಿವಿಯಣ್ಣ ಹೆಡ್‌ಫೋನ್ ಹಾಕಿಕೊಂಡು ಹೊರಗೆ ಸ್ಟೂಲಿನ ಮೇಲೆ ಕೂತು, ತೆರೆದ ಬಾಗಿಲಿನಿಂದ ಎಡಗಡೆಯ ಸೀಟಿನತ್ತ ಕತ್ತು ಚಾಚಿದ. ಕೆಲಸ ಸರಳ: ಅವಳು ವೇಗ ಏರಿಸುತ್ತಾಳೆ, ಅವನು ಕೇಳುತ್ತಾನೆ. ಬರೀ ಗಲಾಟೆ ಕೇಳಿದರೆ ಒಂದು ಗುಂಡಿ, ಬಡಿತ ಕೇಳಿದರೆ ಇನ್ನೊಂದು. ಅವನು ಒತ್ತಿದ ಗುಂಡಿಯೇ ಹೊಸ ಕಂಪ್ಯೂಟರಿಗೆ ಅಕ್ಷರಾಭ್ಯಾಸ. ಅಂದು ಅದು ಕಲಿತದ್ದನ್ನೇ ಭಾನುವಾರ ಬೆಟ್ಟದ ಮೇಲೆ ಒಪ್ಪಿಸಬೇಕು.

ಉರುಳೆಗಳು ಮೊರೆದವು.

ಟಕ್ ಟಕ್. ಬಿಡುವು. ಅವನ ಬೆರಳು ತನ್ನಷ್ಟಕ್ಕೆ ಗಲಾಟೆಯ ಗುಂಡಿಯ ಕಡೆ ಹೋಯಿತು. ಅಷ್ಟರಲ್ಲಿ ಅವನ ಕಣ್ಣು ಮಗಳ ಮೇಲೆ ಬಿತ್ತು. ಅವಳು ಮುಂದಿನ ಗೋಡೆಯನ್ನು ನೋಡುತ್ತಿದ್ದಳು. ಗೋಡೆಯಾಚೆ ಅವಳಿಗೆ ಬೆಟ್ಟದ ರಸ್ತೆ ಕಾಣುತ್ತಿತ್ತೋ ಏನೋ, ಮುಖದಲ್ಲಿ ಚಿಕ್ಕಂದಿನಲ್ಲಿ ಅವನ ಹೆಗಲ ಮೇಲೆ ಕೂತಾಗಿನ ಅದೇ ನಿಶ್ಚಿಂತೆ ಇತ್ತು. ಈ ಗುಂಡಿ ಒತ್ತಿದರೆ, ಇಂಥ ಸದ್ದಿಗೆ ಕಿವಿಗೊಡಬೇಡ ಎಂದು ಯಂತ್ರಕ್ಕೆ ಹೇಳಿದಂತೆ. ನಾಳಿದ್ದು ಇದೇ ಸದ್ದಿನ ಹಿಂದೆ ನಿಜವಾದದ್ದೊಂದು ಅಡಗಿ ಬಂದರೆ? ಆ ಗುಂಡಿ ಒತ್ತಿದರೆ, ಇಲ್ಲದ್ದನ್ನು ಇದೆ ಎಂದಂತೆ. ಬೆರಳು ನಡುವೆ ನಿಂತಿತು.

"ನಿಲ್ಲಿಸು ಮಗಳೇ."

ಉರುಳೆಗಳು ನಿಧಾನವಾಗಿ ನಿಂತವು.

"ನಂಗೆ ಈ ಕಾರಲ್ಲಿ ಬಡಿತ ಕೇಳುತ್ತೆ. ಎಂಜಿನ್ ನಿಲ್ಲಿಸಿದ್ರೂ ಕೇಳುತ್ತೆ. ಈಗಲೂ ಕೇಳ್ತಿದೆ."

ಅವಳು ಅವನನ್ನೇ ನೋಡಿದಳು. ನಗಲಿಲ್ಲ. ಇಳಿದು ಹೋಗಿ ಗೋಡೆಯಿಂದ ಉಕ್ಕಿನ ಕಡ್ಡಿಯನ್ನು ತೆಗೆದುಕೊಂಡು ಬಂದಳು. ಎಂಜಿನ್ನಿಗೆ ಅಲ್ಲಲ್ಲಿ ಒತ್ತಿ, ಮರದ ಗುಂಡನ್ನು ಕಿವಿಗಿಟ್ಟು ಕೇಳಿದಳು. ಇಲ್ಲ. ಟರ್ಬೊಗೆ ಒತ್ತಿದಳು. ಇಲ್ಲ.

"ಹೆಂಗೆ ಬಡಿಯುತ್ತೆ, ಬೆರಳಲ್ಲಿ ತೋರಿಸು."

ಅವನು ಹೆಡ್‌ಫೋನ್ ತೆಗೆಯದೆಯೇ ಬಾನೆಟ್ಟಿನ ಮೇಲೆ ಬಗ್ಗಿ ಬೆರಳಿನಿಂದ ತಟ್ಟತೊಡಗಿದ. ಟಕ್ ಟಕ್, ಬಿಡುವು. ಟಕ್ ಟಕ್, ಬಿಡುವು. ಅವಳು ಆ ಬೆರಳನ್ನೇ ನೋಡುತ್ತಾ ನಿಂತಳು. ಆಮೇಲೆ ಕಡ್ಡಿಯನ್ನು ತಿರುವಿ ಹಿಡಿದಳು. ಮರದ ಗುಂಡನ್ನು ಮೆಲ್ಲಗೆ ಅಪ್ಪನ ಕಿವಿಯ ಕೆಳಗೆ, ದವಡೆಯ ಮೂಲೆಗೆ ತಗ್ಗಿರುವಲ್ಲಿ ಇಟ್ಟಳು. ಚೂಪಾದ ತುದಿಗೆ ಚಿಂದಿ ಸುತ್ತಿ ತನ್ನ ಕಿವಿಗೆ ಹಚ್ಚಿದಳು. ಕಣ್ಣು ಮುಚ್ಚಿದಳು.

ಅವಳ ಮುಖದಿಂದ ಬಣ್ಣ ಇಳಿಯುವುದನ್ನು ಅವನು ಕಂಡ. ಅವನ ಬೆರಳು ಬಾನೆಟ್ಟಿನ ಮೇಲೆ ತಟ್ಟುತ್ತಲೇ ಇತ್ತು. ಅವಳ ಗಲ್ಲ ಅದಕ್ಕೆ ಸರಿಯಾಗಿ ಅದುರುತ್ತಿತ್ತು.

"ಅಪ್ಪಾ," ಎಂದಳು ಅವಳು, ಕಣ್ಣು ತೆರೆಯದೆ. "ಬಡೀತಿರೋದು ಕಾರಲ್ಲ."

ಮರುದಿನ ಬೆಳಿಗ್ಗೆ ಡಾಕ್ಟರು ಅವನ ಕತ್ತಿನ ಮೇಲೆ ಸ್ಟೆತಸ್ಕೋಪ್ ಇಟ್ಟು, ಅದೇ ಜಾಗದಲ್ಲಿ, ಅಷ್ಟೇ ಹೊತ್ತು ಕಣ್ಣು ಮುಚ್ಚಿದರು. ಕತ್ತಿನಲ್ಲಿ ಮೆದುಳಿಗೆ ಹೋಗುವ ರಕ್ತನಾಳ ಒಂದು ಕಡೆ ಕಿರಿದಾಗಿತ್ತು. ರಕ್ತ ಅಲ್ಲಿ ನುಗ್ಗುವ ಸದ್ದು ಕಿವಿಗೆ ಕೇಳುತ್ತಿತ್ತು. ಹೆಡ್‌ಫೋನಿನಿಂದ ಕಿವಿ ಮುಚ್ಚಿ, ಕತ್ತು ತಿರುಗಿಸಿ ಬಗ್ಗಿದಾಗ ಇನ್ನೂ ಜೋರಾಗಿ. ಆ ತಗ್ಗು ಸೀಟಿನ ಕಾರಿನಲ್ಲಿ ಮಾತ್ರ ಕೇಳುತ್ತಿದ್ದುದರ ಗುಟ್ಟು ಅದು. ಎರಡು ಬಡಿದು ಬಿಡುವು ಕೊಡುತ್ತಿದ್ದುದು ಎದೆ, ಮೂರನೆಯದನ್ನು ನುಂಗಿಬಿಡುತ್ತಿತ್ತು.

"ಇದನ್ನ ಪತ್ತೆ ಮಾಡಿದ್ದು ಯಾರು?" ಎಂದು ಡಾಕ್ಟರು ಕೇಳಿದರು.

"ಇವನ ಮಗಳು. ಇವನದು ಹಿತ್ತಾಳೆ ಕಿವಿ, ಕೇಳಿದ್ದನ್ನೆಲ್ಲ ನಂಬುತ್ತೆ ಅಂತ ನಾನು ಮೊದಲಿಂದ ಹೇಳ್ತಾನೇ ಇದೀನಿ," ಎಂದಳು ಜೊತೆಗೆ ಬಂದಿದ್ದ ಅಕ್ಕ. ಹೇಳಿದವಳು ಸೆರಗಿನಿಂದ ಮೂಗೊರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು. ಮುಂದಿನ ವಾರ ನಾಳವನ್ನು ಅಗಲ ಮಾಡುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಮಾತ್ರೆ, ವಿಶ್ರಾಂತಿ, ಹೆಡ್‌ಫೋನ್ ಮುಟ್ಟಕೂಡದು.

ಮನೆಗೆ ಬಂದಾಗ ಶೆಡ್ಡಿನಲ್ಲಿ ತಂತಿ ಕಾದು ಕೂತಿದ್ದ. "ಸದ್ಯ, ದೆವ್ವ ಅಲ್ಲವಲ್ಲ. ಹಂಗಾದ್ರೆ ಕಾರು ಚೆನ್ನಾಗಿದೆ ಅಂತಾಯ್ತು. ಹೊಸ ಕಂಪ್ಯೂಟರಿಗೆ ಪಾಠ ನಾನು ಹೇಳಿ ಮುಗಿಸ್ತೀನಿ ಬಿಡು."

"ನಿನಗೆ ಕೇಳುತ್ತಾ ಮಾಮ?" ಎಂದಳು ಮಗಳು.

"ಪರದೆ ನೋಡಿ ಹೇಳ್ತೀನಿ."

ಅವಳು ಕಪಾಟಿನಿಂದ ಬಟ್ಟೆ ಸುತ್ತಿದ ಹಳೆಯ ಕಂಪ್ಯೂಟರನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದನ್ನೇ ವಾಪಸ್ ಹಾಕೋಣ. ಟರ್ಬೊ ಒತ್ತಡ ಇಳಿಸಿ, ಪಾಠ ತಿದ್ದಿ."

"ಅದು ಹೆದರುಪುಕ್ಕಲು. ನೀನು ಕೊನೆಯವಳಾಗಿ ಬರ್ತೀಯ."

"ಹೆದರಲಿ ಮಾಮ. ಅದಕ್ಕೆ ಅದರದೇ ಕಿವಿ ಇದೆ."

ಕಿವಿಯಣ್ಣನ ಕಿವಿಯನ್ನು ಮಗಳು ಮೊದಲ ಬಾರಿ ಲೆಕ್ಕದಿಂದ ಕಳೆದಿದ್ದಳು. ನೋವಾಗಬೇಕಿತ್ತು. ಬದಲಿಗೆ ಹೆಗಲಿನಿಂದ ಏನೋ ಇಳಿದಂತಾಗಿ ಅವನು ಸ್ಟೂಲಿನ ಮೇಲೆ ಕೂತ.

ಭಾನುವಾರ ಬೆಳಗಿನ ಬೆಟ್ಟ ಮಂಜಿನಲ್ಲಿ ಅರ್ಧ ಅಳಿಸಿಹೋಗಿತ್ತು. ಕಿವಿಯಣ್ಣ ಬುಡದಲ್ಲಿ ಕುರ್ಚಿ ಹಾಕಿ ಕೂತ. ಅಕ್ಕ ಪಕ್ಕದಲ್ಲಿ, ಅವನ ಮಾತ್ರೆಯ ಚೀಲ ಮಡಿಲಲ್ಲಿ. ಬೂದಿ ಕಾರು ಮಂಜಿನೊಳಗೆ ಹೋಯಿತು, ಆಮೇಲೆ ಸದ್ದು ಮಾತ್ರ. ಮೊದಲ ತಿರುವು ಸಲೀಸು. ಎರಡನೆಯ ತಿರುವು ಕಡಿದಾದದ್ದು, ಉದ್ದನೆಯದು. ಅಲ್ಲಿ ಸದ್ದು ಏರಿತು, ಏರಿತು, ಒಮ್ಮೆಲೆ ಕತ್ತು ಹಿಸುಕಿದಂತೆ ಕುಗ್ಗಿತು.

"ಏನಾಯ್ತೋ?" ಅಕ್ಕ ಅವನ ಮೊಣಕೈ ಹಿಡಿದಳು.

"ಹೆದರಿತು," ಎಂದ ಅವನು.

ಕಾರು ಬೇರೆ ದಾರಿಯಿಂದ ಮೆಲ್ಲಗೆ ಇಳಿದು ಬಂತು. ಮಗಳು ಇಳಿದು ಹೆಲ್ಮೆಟ್ ತೆಗೆದು, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಳು. ತಂತಿ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದ. ಎರಡನೆಯ ತಿರುವಿನಲ್ಲಿ ನಿಜವಾದ ಬಡಿತ ಬಂದಿತ್ತು, ಪಿಸ್ಟನ್ ಒಡೆಯುವಂಥದ್ದು. ಹಳೆಯ ಕಂಪ್ಯೂಟರು ಅದನ್ನು ಕೇಳಿ, ಕಿಡಿಯನ್ನು ಹಿಂದೆಗೆದು, ಶಕ್ತಿಯನ್ನೇ ಕತ್ತರಿಸಿ ಅವಳನ್ನು ಇಳಿಸಿ ತಂದಿತ್ತು.

ಕಾರಣವೂ ಅಂದೇ ಸಿಕ್ಕಿತು. ಕಡಿದಾದ ಏರಿನ ಉದ್ದನೆಯ ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲೆಲ್ಲ ಒಂದು ಮೂಲೆಗೆ ಸರಿದು, ಪಂಪಿನ ಬಾಯಿಗೆ ಗಾಳಿ ಸಿಕ್ಕಿತ್ತು. ಬಡಿಸುವ ಸೌಟು ಬರಿದಾಗಿ ಬಂದಿತ್ತು. ಶೆಡ್ಡಿನ ಉರುಳೆಗಳ ಮೇಲೆ ಕಾರು ಯಾವಾಗಲೂ ಸಮತಟ್ಟು. ಅಲ್ಲಿ ಈ ತೊಂದರೆ ಬರುವ ಹಾಗೇ ಇಲ್ಲ.

"ನಂಗೂ ಕೇಳಿತಪ್ಪ," ಎಂದಳು ಮಗಳು, ಮನೆಗೆ ಬರುವ ದಾರಿಯಲ್ಲಿ. "ಕಾಲ ಕೆಳಗಿಂದ ಬಂತು."

"ನಿಜವಾದ ಬಡಿತ ಜಲ್ಲಿ ಕುಲುಕಿದ ಹಾಗಿರುತ್ತೆ. ಹಾಗಿತ್ತಾ?"

ಅವಳು ಗೇರು ಇಳಿಸಿದಳು. "ಇಲ್ಲ. ಎರಡು ಬಡಿತ. ಒಂದು ಬಿಡುವು."

ಹಿಂದಿನ ಸೀಟಿನಲ್ಲಿದ್ದ ಅಕ್ಕ ಮಾತ್ರೆಯ ಚೀಲವನ್ನು ಎದೆಗೆ ಒತ್ತಿಕೊಂಡಳು.

ನಾಳ ಅಗಲವಾಯಿತು. ಎದೆಗೆ ಮಾತ್ರೆ ಹತ್ತಿತು. ಕಿವಿಯಣ್ಣನ ತಲೆಯೊಳಗೆ ಈಗ ಸದ್ದಿಲ್ಲ. ಹೆಡ್‌ಫೋನ್ ಹಾಕಿ ಕತ್ತು ಯಾವ ಕಡೆ ತಿರುಗಿಸಿದರೂ, ಮನೆಯವರೆಲ್ಲ ಹೊರಗೆ ಹೋದ ಮನೆಯಂತೆ ನಿಶ್ಶಬ್ದ. ಟ್ಯಾಂಕಿನೊಳಗೆ ತಡೆಗಳನ್ನು ಹಾಕಿ ಪಂಪಿನ ತೊಂದರೆಯನ್ನೂ ಸರಿಪಡಿಸಿದರು. ಎಲ್ಲ ಮುಗಿದ ಮೇಲೆ ತಂತಿ ಮತ್ತೆ ಹೊಸ ಕಂಪ್ಯೂಟರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. "ಈಗಲಾದ್ರೂ ಹಾಕೋಣ. ಅಣ್ಣನ ಕಿವಿಯೂ ಸರಿ, ಕಾರೂ ಸರಿ."

"ಕೊನೇ ಸಲ ಒಮ್ಮೆ ಕೇಳಿ ಹಾಕೋಣ," ಎಂದ ಕಿವಿಯಣ್ಣ. ಈ ಸಲ ಕಡ್ಡಿಯನ್ನು ತಾನು ಹಿಡಿಯದೆ ಮಗಳಿಗೆ ಕೊಟ್ಟ. ಮೇಸ್ತ್ರಿ ತನಗೆ ಕೊಟ್ಟಂತೆಯೇ, ಎರಡೂ ಕೈಯಲ್ಲಿ. "ಎಂಜಿನ್ ಚಾಲೂ ಮಾಡೋ ಮುಂಚೆ ತಣ್ಣಗಿರುವಾಗ ಒಮ್ಮೆ ಕೇಳು. ಮೌನ ಹೇಗಿರುತ್ತೆ ಅಂತ ಮೊದಲು ಗೊತ್ತಿರಬೇಕು."

ಅವಳು ಚೂಪಾದ ತುದಿಯನ್ನು ತಣ್ಣನೆಯ ಎಂಜಿನ್ನಿಗೆ ಒತ್ತಿ, ಗುಂಡನ್ನು ಕಿವಿಗೆ ಒತ್ತಿದಳು. ಹಸಿರು ಬೆಳಕಿನಲ್ಲಿ ಅವಳ ಮುಖ ತಿಳಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಅವಳ ಇನ್ನೊಂದು ಕೈಯ ಬೆರಳು ಬಾನೆಟ್ಟಿನ ಮೇಲೆ ತಟ್ಟತೊಡಗಿತು. ತಾನು ತಟ್ಟುತ್ತಿದ್ದೇನೆಂಬುದು ಅವಳಿಗೆ ತಿಳಿದಂತಿರಲಿಲ್ಲ.

ಟಕ್ ಟಕ್. ಬಿಡುವು. ಟಕ್ ಟಕ್. ಬಿಡುವು.

ಕಿವಿಯಣ್ಣ ಮುಂದೆ ಬಂದು ಅವಳ ಮಣಿಕಟ್ಟನ್ನು ಹಿಡಿದ, ನಾಡಿ ಸಿಗುವಲ್ಲಿ. ಅದು ಒಂದೇ ಸಮನೆ, ಎಲ್ಲಿಯೂ ಎಡವದೆ, ಗಟ್ಟಿಯಾಗಿ ಓಡುತ್ತಿತ್ತು. ಬಿಡುವೆಂಬುದೇ ಅದರಲ್ಲಿರಲಿಲ್ಲ.

ಅವನು ಕಡ್ಡಿಯನ್ನು ಮೆಲ್ಲನೆ ಅವಳ ಕೈಯಿಂದ ಬಿಡಿಸಿಕೊಂಡ.

"ಹಳೇದೇ ಇರಲಿ ಬಿಡೋ," ಎಂದ ತಂತಿಗೆ.

ತಂತಿ ಹೊಸ ಕಂಪ್ಯೂಟರನ್ನು ಕಂಕುಳಲ್ಲೇ ಇಟ್ಟುಕೊಂಡು ಮನೆಗೆ ಹೋದ. ಬೂದಿ ಕಾರು ಇಂದಿಗೂ ಆ ಶೆಡ್ಡಿನಲ್ಲಿದೆ. ಮಗಳು ಅದರಲ್ಲಿ ಬೆಟ್ಟ ಹತ್ತುತ್ತಾಳೆ, ಎಂದೂ ಮೊದಲು ಬಂದಿಲ್ಲ, ಎಂದೂ ಕೊನೆಗೆ ಬಂದಿಲ್ಲ. ಹೊಸದಾಗಿ ಬಂದ ಗಿರಾಕಿಗಳು, "ಇಂಥ ಟರ್ಬೊಗೆ ಯಾಕೆ ಇನ್ನೂ ಕಂಪನಿ ಕಂಪ್ಯೂಟರು?" ಎಂದು ಕೇಳಿದರೆ ಕಿವಿಯಣ್ಣ ತಲೆ ಎತ್ತದೆ ಹೇಳುತ್ತಾನೆ: "ನನಗಿಂತ, ನನ್ನ ಮಗಳಿಗಿಂತ ಮೊದಲಿಂದ ಅದು ಆ ಸದ್ದು ಕೇಳಿಕೊಂಡು ಬಂದಿದೆ. ಅದಕ್ಕೇ ಗೊತ್ತಿರುತ್ತೆ."